ಸ್ವಯಂಸೇವೆ ಮುಗಿಸಿ ಹೊರಡುವಾಗ ಮುಂದಿನವರಿಗೆ ಏನು ಬಿಟ್ಟು ಬರ್ತೀರಿ?

ಜಗಲಿ_ಬ್ಯಾಂಕು · ಸೆಪ್ಟೆಂಬರ್ 14

ಎಲ್ಲರಿಗೂ ನಮಸ್ಕಾರ. ಮಲಾವಿ ದೇಶದ ಡೆಡ್ಜಾ ಜಿಲ್ಲೆಯಿಂದ ಬರೀತಿದ್ದೀನಿ. ಎರಡು ವರ್ಷದ ಸ್ವಯಂಸೇವೆ ಮುಗೀತಾ ಬಂತು, ನವೆಂಬರ್ ಮೊದಲ ವಾರ ಊರಿಗೆ ಹೊರಡಬೇಕು. ನನ್ನ ಜಾಗಕ್ಕೆ ಬರೋರಿಗೆ ಏನು ಬರೆದಿಟ್ಟು ಹೋಗಲಿ ಅನ್ನೋದು ಒಂದು ತಿಂಗಳಿಂದ ತಲೆ ಕೊರೀತಿದೆ. ಹೊರದೇಶದಲ್ಲಿ ಇಂಥ ಕೆಲಸ ಮಾಡಿ ಬಂದ ಕನ್ನಡದೋರು ಇಲ್ಲಿದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಬರೋಕೆ ಮುಂಚೆ ಚಿತ್ರದುರ್ಗ ಜಿಲ್ಲೆಯಲ್ಲಿ ಹನ್ನೆರಡು ವರ್ಷ ಸ್ವಸಹಾಯ ಸಂಘಗಳ ಕೆಲಸ ಮಾಡಿದೋಳು ನಾನು. ಇಲ್ಲಿ ಹೆಣ್ಮಕ್ಕಳ ಉಳಿತಾಯ ಗುಂಪಿಗೆ ‘ಬ್ಯಾಂಕಿ ಮ್ಖೊಂಡೆ’ ಅಂತಾರೆ. ಖೊಂಡೆ ಅಂದ್ರೆ ಜಗಲಿ. ಜಗಲಿ ಬ್ಯಾಂಕು! ಮೊದಲ ಸಲ ಕೇಳಿದಾಗ ನಮ್ಮೂರಿಗೇ ಬಂದ ಹಾಗಾಯ್ತು. ಆ ಸಲಿಗೆಯಲ್ಲೇ ನಾನು ತಪ್ಪು ಮಾಡಿದ್ದು.

ಸಭೆ ಹೇಗೆ ನಡೆಯುತ್ತೆ ಹೇಳ್ತೀನಿ. ಮಾವಿನ ಮರದ ಕೆಳಗೆ ಇಪ್ಪತ್ತೆರಡು ಹೆಂಗಸರು. ನಡುವೆ ಒಂದು ತಗಡಿನ ಪೆಟ್ಟಿಗೆ, ಅದಕ್ಕೆ ಮೂರು ಬೀಗ. ಮೂರು ಕೀಲಿ ಮೂರು ಮನೆಯಲ್ಲಿ, ಪೆಟ್ಟಿಗೆ ನಾಲ್ಕನೇ ಮನೆಯಲ್ಲಿ. ಒಬ್ಬೊಬ್ಬರು ಒಂದರಿಂದ ಐದರ ತನಕ ಪಾಲು ಕೊಳ್ಳಬಹುದು. ಒಂದು ಪಾಲಿಗೆ ಪಾಸ್‌ಬುಕ್ಕಲ್ಲಿ ಒಂದು ರಬ್ಬರ್ ಮೊಹರು. ಓದು ಬರದ ಅಜ್ಜಿಯೂ ಮೊಹರು ಎಣಿಸಿ ತನ್ನ ಲೆಕ್ಕ ಹೇಳ್ತಾಳೆ. ಕೊನೆಗೆ ಉಳಿದ ದುಡ್ಡು ಎಣಿಸಿ ಗಟ್ಟಿಯಾಗಿ ಸಾರುತ್ತಾರೆ. ಮುಂದಿನ ಸಭೆಯಲ್ಲಿ ಪೆಟ್ಟಿಗೆ ತೆಗೆಯೋ ಮುಂಚೆ ‘ಎಷ್ಟಿತ್ತು?’ ಅಂತ ಕೇಳಿದ್ರೆ ಎಲ್ಲರೂ ಒಂದೇ ದನಿಯಲ್ಲಿ ಆ ಮೊತ್ತ ಹೇಳಬೇಕು. ಆಮೇಲೇ ಬೀಗ ತೆಗೆಯೋದು.

ನಮ್ಮ ಸಂಘಗಳಿಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಅಂದ್ರೆ, ವರ್ಷಕ್ಕೊಮ್ಮೆ ಇಲ್ಲಿ ಪೂರ್ತಿ ದುಡ್ಡು ಹಂಚಿಕೊಂಡು ಪೆಟ್ಟಿಗೆ ಖಾಲಿ ಮಾಡ್ತಾರೆ. ನಮ್ಮಲ್ಲಿ ಹಂಗಲ್ಲ. ಕರ್ನಾಟಕದ ಸ್ವಯಂಸೇವಾ ಸಂಸ್ಥೆ ಮೈರಾಡದೋರು 1980ರ ದಶಕದ ನಡುವಲ್ಲಿ ಸಂಘ ಕಟ್ಟೋಕೆ ಶುರು ಮಾಡಿದ ಕಾಲದಿಂದಲೂ ದುಡ್ಡು ಸಂಘದಲ್ಲೇ ಬೆಳೀಬೇಕು ಅನ್ನೋದು ಪಾಠ. 1992ರಲ್ಲಿ ನಬಾರ್ಡ್ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರು ಮಾಡಿದ ಮೇಲಂತೂ ಅದೇ ವೇದವಾಕ್ಯ. ಪೆಟ್ಟಿಗೆ ಪದ್ಧತಿ ಹುಟ್ಟಿದ್ದು ಬೇರೆ ಕಡೆ, 1991ರಲ್ಲಿ ನೈಜರ್ ದೇಶದಲ್ಲಿ, ಕೇರ್ ಸಂಸ್ಥೆಯ ಕೆಲಸದಿಂದ. ಹತ್ತಿರದಲ್ಲಿ ಬ್ಯಾಂಕೇ ಇಲ್ಲದ ಹಳ್ಳಿಗೆ ಅಂತ ಮಾಡಿದ್ದು.

ನಾನು ಬಂದ ಮೊದಲ ವರ್ಷವೇ ‘ಹಂಚಬೇಡಿ, ಉಳಿಸಿ, ಬ್ಯಾಂಕಿಂದ ಸಾಲ ತರೋಣ’ ಅಂತ ಪಟ್ಟು ಹಿಡಿದೆ. ಅತಿಥಿ ಮಾತು ಅಂತ ಒಪ್ಪಿಕೊಂಡರು. ಇಲ್ಲಿ ಹಂಚಿಕೆ ಬೀಳೋದು ಅಕ್ಟೋಬರ್ ಕೊನೆಗೆ, ಮುಸುಕಿನ ಜೋಳದ ಬಿತ್ತನೆಗೆ ಮುಂಚೆ. ಆ ದುಡ್ಡಲ್ಲೇ ಗೊಬ್ಬರ ತರೋದು. ಆ ವರ್ಷ ಗೊಬ್ಬರಕ್ಕೆ ದುಡ್ಡಿಲ್ಲದೆ ಹೋಯ್ತು. ಜನವರಿ, ಫೆಬ್ರವರಿ ಇಲ್ಲಿ ಹಸಿವಿನ ತಿಂಗಳು, ಹಳೇ ಜೋಳ ಮುಗಿದಿರುತ್ತೆ, ಹೊಸದು ಏಪ್ರಿಲ್‌ಗೆ. ಮುಂದಿನ ಸುತ್ತಿಗೆ ಇಪ್ಪತ್ತೆರಡು ಜನರಲ್ಲಿ ಬಂದಿದ್ದು ಹನ್ನೊಂದು.

ಇದಾಗಿ ಸುಮಾರು ದಿನಕ್ಕೆ ಖಜಾಂಚಿ ಅಮ್ಮ ಶಾಲೆ ನೋಟ್‌ಬುಕ್ಕಿಂದ ಒಂದು ಫೋನ್ ನಂಬರ್ ತೆಗೆದು ಕೊಟ್ಟರು. ನನಗಿಂತ ಮುಂಚೆ ಇದೇ ಜಾಗದಲ್ಲಿದ್ದ ಫಿಲಿಪ್ಪೀನ್ಸ್‌ನ ಹೆಣ್ಮಗಳದ್ದು. ಫೋನ್ ಮಾಡಿದೆ. ಅರ್ಧ ಗಂಟೆ ಮಾತಾಡಿದ್ವಿ. ಅವರೂ ಇದೇ ಮಾತು ಹೇಳಿ, ಇದೇ ಹಳ್ಳಿಯಲ್ಲಿ, ಹೀಗೇ ಗುಂಪು ಒಡೆದಿತ್ತು. ಅವರ ಕೊನೆಯ ವರದಿ ನಾನು ಬಂದ ಮೊದಲ ವಾರವೇ ಓದಿದ್ದೆ. ಅದರಲ್ಲಿ ಇದ್ದದ್ದು ‘ಗುಂಪುಗಳ ಬಲವರ್ಧನೆ ಆಗಿದೆ’ ಅನ್ನೋ ಒಂದು ಸಾಲು. ಅವರನ್ನ ಬಯ್ಯೋಕೆ ಬಾಯಿ ಬರಲಿಲ್ಲ, ಯಾಕಂದ್ರೆ ನನ್ನ ಅರ್ಧವಾರ್ಷಿಕ ವರದಿಯಲ್ಲೂ ನಾನು ಸರಿಸುಮಾರು ಅದನ್ನೇ ಬರೆದಿದ್ದೆ.

ಒಂದೇ ಹಳ್ಳಿ ಎರಡು ಸಲ ನಮ್ಮ ಕಲಿಕೆಗೆ ಬೆಲೆ ತೆತ್ತಿದೆ. ಮೂರನೇ ಸಲ ಆಗಬಾರದು. ನೀವೆಲ್ಲ ಏನು ಮಾಡಿದ್ರಿ? ಏನು ಬರೆದ್ರಿ, ಯಾರ ಕೈಗೆ ಕೊಟ್ರಿ?

---

ಧಾರವಾಡ_ಮಾಸ್ತರ · ಸೆಪ್ಟೆಂಬರ್ 14

ಅಕ್ಕಾರ, ನಿಮ್ಮ ಮಾತು ಓದಿ ಎದಿ ಝಲ್ ಅಂತು. ನಾ ಇಥಿಯೋಪಿಯಾದ ಬಾಹಿರ್ ದಾರ್‌ನ್ಯಾಗ ಎರಡು ವರ್ಷ ಇದ್ದೆ, ಮಾಸ್ತರ ಮಂದಿಗೆ ತರಬೇತಿ ಕೊಡೋ ಕೆಲಸ. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಾಗ ನಮ್ಮ ದೇಶದ ಮಾಸ್ತರಗಳು ಅಲ್ಲಿ ಬಾಳ ಇದ್ರು. ಬಿಳಿ ತಲೀ ಹಿರಿಯರು ನನ್ನ ಕಂಡ ಕೂಡಲೇ ‘ನನಗ ಗಣಿತ ಕಲಿಸಿದಾವರು ಭಾರತದವರು’ ಅಂತ ಕೈ ಹಿಡಕೋತಿದ್ರು. ಅವರು ಗಳಿಸಿಟ್ಟ ಮರ್ಯಾದಿ ನಾ ಉಂಡು ಬಂದೀನಿ.

ಮೊದಲು ಸಣ್ಣ ವಿಷಯ. ಅಲ್ಲಿ ಗಡಿಯಾರ ಬ್ಯಾರೆ. ದಿನ ಶುರು ಆಗೋದು ಹೊತ್ತು ಹುಟ್ಟಿದಾಗ. ನಮ್ಮ ಮುಂಜಾನೆ ಏಳು ಅಂದ್ರ ಅವರಿಗೆ ಒಂದು. ‘ನಾಳೆ ಎರಡಕ್ಕ ಸಭೆ’ ಅಂದ್ರು, ನಾ ಮಧ್ಯಾಹ್ನ ಎರಡಕ್ಕ ಹೋದೆ. ಅವರು ಮುಂಜಾನೆ ಎಂಟಕ್ಕ ಕೂಡಿ, ನನ್ನ ಹಾದಿ ನೋಡಿ, ಎದ್ದು ಹೋಗಿದ್ರು. ವರ್ಷಕ್ಕ ಹದಿಮೂರು ತಿಂಗಳು, ಕೊನೇ ತಿಂಗಳಿಗೆ ಐದೋ ಆರೋ ದಿನ, ಇಸವಿ ನಮಗಿಂತ ಏಳೆಂಟು ವರ್ಷ ಹಿಂದ. ಇದೆಲ್ಲಾ ಪುಸ್ತಕದಾಗ ಓದಿದ್ದೆ, ಆದ್ರ ಕಾಲೇಜಿನ ನೋಟಿಸ್ ಬೋರ್ಡಿನ ತಾರೀಖು ಯಾವ ಲೆಕ್ಕದ್ದು ಅನ್ನೋದನ್ನ ಹಿಂದಿನವರು ಒಂದು ಸಾಲು ಬರದಿಟ್ಟಿದ್ರ ಸಾಕಿತ್ತು. ಇಂಥವನ್ನ ತಪ್ಪದ ಬರೀರಿ.

ಈಗ ದೊಡ್ಡ ವಿಷಯ. ಹಿಂದಿನವರು ಬರದಿಟ್ಟಿದ್ದು ಬ್ಯಾರೆ ಏನೋ ಇತ್ತು. ಯಾರ ಸ್ವಭಾವ ಹ್ಯಾಂಗ ಅನ್ನೋ ಪಟ್ಟಿ. ಒಬ್ಬ ವಿಜ್ಞಾನ ಮಾಸ್ತರ ಹೆಸರಿನ ಮುಂದ ‘ಸಹಕಾರ ಇಲ್ಲ’ ಅಂತಿತ್ತು. ನಾ ಅದನ್ನ ನಂಬಿ ಹತ್ತು ತಿಂಗಳು ಅವರ ಕಡೆ ಹೋಗಲಿಲ್ಲ. ಒಂದಿನ ಕರೆಂಟ್ ಇರಲಿಲ್ಲ, ಅವರ ವರ್ಗದ ಮುಂದ ಹಾಯ್ದು ಹೊಂಟಿದ್ದೆ. ಬಾಗಿಲದಾಗ ನಿಂತು ನೋಡಿದೆ. ಎರಡು ನಿಂಬಿಹಣ್ಣು, ತಾಮ್ರದ ತಂತಿ, ಮೊಳಿ ಇಟಗೊಂಡು ಅರವತ್ತು ಹುಡುಗರಿಗೆ ವಿದ್ಯುತ್ ಕಲಿಸಾಕತ್ತಿದ್ರು. ಒಂದು ಪಿಸುಮಾತಿಲ್ಲ. ನಾ ಆ ದೇಶಕ್ಕ ಹೋಗಿದ್ದು ಇಂಥಾ ಪಾಠ ಹ್ಯಾಂಗ ಮಾಡಬೇಕು ಅಂತ ಕಲಿಸಲಿಕ್ಕೆ. ಆಮ್ಯಾಲೆ ಇಬ್ಬರೂ ಕೂಡಿ ಕೆಲಸ ಮಾಡಿದ್ವಿ. ಹಿಂದಿನವರ ಜೋಡಿ ಯಾಕ ಸರಿ ಹೋಗಲಿಲ್ಲ ಅಂತ ಕೇಳಿದೆ. ‘ನನ್ನ ವರ್ಗಕ್ಕ ಅವರು ಒಮ್ಮೆನೂ ಬರಲಿಲ್ಲ’ ಅಂದ್ರು.

ಮಂದಿ ಬಗ್ಗೆ ತೀರ್ಪು ಬರೀಬ್ಯಾಡ್ರಿ. ಹೊಸಬರ ಕಣ್ಣು ಕಟ್ಟಿ ಹೋದಂಗ ಆಗತೈತಿ.

---

ಹೊಸಬಿ_ದಾವಣಗೆರೆ · ಸೆಪ್ಟೆಂಬರ್ 15

ಅಕ್ಕ, ಸರ್, ನಾನು ಜನವರಿಯಲ್ಲಿ ಜಾಂಬಿಯಾಕ್ಕೆ ಹೊರಟಿದ್ದೇನೆ, ಚಿಪಾಟಾ ಕಡೆ. ಇದೂ ಉಳಿತಾಯ ಗುಂಪಿನ ಕೆಲಸವೇ. ಮನೆಯಲ್ಲಿ ಅಮ್ಮನಿಗೆ ದಿನಾ ಒಂದು ಭಯ. ಸಂಸ್ಥೆಯವರು ಕೊಟ್ಟ ಕಡತದಲ್ಲಿ ಗುರಿ, ಉದ್ದೇಶ ಎಲ್ಲ ಇದೆ, ಅಲ್ಲಿ ಯಾರ ಜೊತೆ ಮಾತಾಡಬಹುದು ಅನ್ನೋದು ಇಲ್ಲ. ಹೋಗೋ ಮುಂಚೆ ಹಿಂದಿನವರನ್ನ ಹುಡುಕೋದು ಹೇಗೆ?

---

ಕಡಲತಡಿ · ಸೆಪ್ಟೆಂಬರ್ 15

ದಾವಣಗೆರೆ ತಂಗಿ, ಮೊದಲು ಆರೋಗ್ಯದ ವಿಷಯ ಹೇಳ್ತೇನೆ. ನಾನು ಉಡುಪಿಯವಳು, ನರ್ಸ್. ಸಿಯೆರಾ ಲಿಯೋನ್‌ನಲ್ಲಿ ಒಂದೂವರೆ ವರ್ಷ ಇದ್ದೆ.

ಹಳದಿ ಜ್ವರದ ಲಸಿಕೆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ. ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಅದಕ್ಕೆ ಬೆಲೆ. 2016ರ ನಂತರ ಒಂದು ಸಲ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು, ಹತ್ತು ವರ್ಷಕ್ಕೊಮ್ಮೆ ಅಂತ ಇದ್ದ ನಿಯಮ ಈಗ ಇಲ್ಲ. ಹೋಗುವಾಗ ಯಾರೂ ಕೇಳದೆ ಇರಬಹುದು, ಹಳದಿ ಜ್ವರ ಇರುವ ದೇಶದಿಂದ ತಿರುಗಿ ಬರುವವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳ್ತಾರೆ. ಕಾರ್ಡ್ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕ ಇರಿಸುವ ಅಧಿಕಾರ ಅವರಿಗೆ ಉಂಟು.

ಇನ್ನೊಂದು, ಊರಿಗೆ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ‘ನಾನು ಆಫ್ರಿಕಾದಿಂದ ಬಂದಿದ್ದೇನೆ, ಮಲೇರಿಯಾಕ್ಕೆ ರಕ್ತ ನೋಡಿ’ ಅಂತ. ನನ್ನ ಜೊತೆಗಿದ್ದ ಒಬ್ಬರಿಗೆ ಬಂದು ಮೂರು ವಾರಕ್ಕೆ ಜ್ವರ. ನಾಲ್ಕು ದಿನ ವೈರಲ್ ಅಂತ ಮಾತ್ರೆ ನುಂಗಿದರು. ಅದು ಫಾಲ್ಸಿಪಾರಂ ಮಲೇರಿಯಾ, ಮಿದುಳಿಗೆ ಏರುವ ಜಾತಿ. ನಮ್ಮದೇ ಒಂದು ಸಣ್ಣ ಗುಂಪು ಇತ್ತು, ಹಿಂದೆ ಹೋದವರು, ಈಗ ಇರುವವರು ಸೇರಿ ಹದಿನಾಲ್ಕು ಜನ. ಅವರು ಅದರಲ್ಲಿ ‘ಜ್ವರ ಬಿಡ್ತಾ ಇಲ್ಲ’ ಅಂತ ಬರೆದರು. ಹತ್ತು ನಿಮಿಷದೊಳಗೆ ಮೂರು ಜನ ಫೋನ್ ಮಾಡಿ ಎಬ್ಬಿಸಿ ಆಸ್ಪತ್ರೆಗೆ ಕಳಿಸಿದೆವು. ಬದುಕಿದರು. ಅಂಥ ಗುಂಪು ಯಾಕೆ ಬೇಕು ಅಂತ ಕೇಳುವವರಿಗೆ ನಾನು ಇದನ್ನೇ ಹೇಳುವುದು.

ಹಿಂದಿನವರನ್ನ ಹುಡುಕುವುದು ಹೇಗೆ ಅಂದರೆ, ನೀನು ಹೋಗುವ ಕಚೇರಿಯ ಡ್ರೈವರಣ್ಣನನ್ನು, ಅಡುಗೆಯಮ್ಮನನ್ನು ಕೇಳು. ಎಲ್ಲರ ನಂಬರ್ ಅವರ ಹತ್ತಿರ ಇರ್ತದೆ.

---

ಕೋಲಾರದ_ಮೊಮ್ಮಗಳು · ಸೆಪ್ಟೆಂಬರ್ 17

ನಾನು ಎಲ್ಲಿಗೂ ಹೋದವಳಲ್ಲ. ಆದರೆ ಸ್ವಯಂಸೇವಕರು ಬಂದು ಹೋದ ಮನೆಯವಳು. ಆ ಕಡೆಯ ಮಾತೂ ಇರಲಿ ಅಂತ ಬರೀತಿದ್ದೇನೆ.

ಅಮೆರಿಕ ಸರ್ಕಾರದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್ 1961ರಲ್ಲಿ ಶುರುವಾಗಿ ಅದೇ ವರ್ಷ ಭಾರತಕ್ಕೂ ಬಂತು. ಅದರ ಸ್ವಯಂಸೇವಕರು 1976ರವರೆಗೆ ಇಲ್ಲಿ ಇದ್ದರು. ಅವರಲ್ಲಿ ಬಹಳ ಜನ ಕೋಳಿ ಸಾಕಣೆ ಕಲಿಸಿದವರು. ನಮ್ಮ ತಾತನ ಹತ್ತಿರವೂ ಅರವತ್ತರ ದಶಕದ ಕೊನೆಯಲ್ಲಿ ಒಬ್ಬ ಹುಡುಗ ಇದ್ದ. ಇಪ್ಪತ್ಮೂರು ವರ್ಷವಂತೆ. ಮುರುಕು ಕನ್ನಡದಲ್ಲಿ ತಾತನಿಗೆ ‘ಏನಪ್ಪಾ’ ಅಂತಿದ್ದ, ತಾತ ತಿದ್ದಿ ತಿದ್ದಿ ‘ಏನ್ರೀ’ ಕಲಿಸಿದರು. ನೆಲಕ್ಕೆ ದಪ್ಪಗೆ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ ಹಾಸಿ ಅದರ ಮೇಲೆ ಬಿಳಿ ಲೆಗ್‌ಹಾರ್ನ್ ಕೋಳಿ ಸಾಕೋದು ಅವನು ತೋರಿಸಿಕೊಟ್ಟಿದ್ದು.

ತಾತ ಒಂದು ಉದ್ದನೆ ಲೆಕ್ಕದ ಪುಸ್ತಕ ಇಟ್ಟಿದ್ದರು. ಈಗಲೂ ಇದೆ. ಕನ್ನಡದಲ್ಲಿ ದಿನದ ಮೊಟ್ಟೆ, ಸತ್ತ ಕೋಳಿ, ರಾಣಿಕೇತ್ ರೋಗಕ್ಕೆ ಲಸಿಕೆ ಹಾಕಿದ ತಾರೀಖು. ಅವನು ಅದನ್ನೇ ಇಂಗ್ಲಿಷಿನಲ್ಲಿ ತನ್ನ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದ. ಅವಧಿ ಮುಗಿದು ಹೊರಟಾಗ ತನ್ನ ಪುಸ್ತಕ ತೆಗೆದುಕೊಂಡು ಹೋದ. ಮರು ವರ್ಷ ಪಕ್ಕದ ತಾಲ್ಲೂಕಿಗೆ ಇನ್ನೊಬ್ಬ ಬಂದ. ಅವನಿಗೆ ನಮ್ಮ ತಾತ ಒಬ್ಬರು ಇದ್ದಾರೆ ಅಂತಲೇ ಗೊತ್ತಿರಲಿಲ್ಲ. ಅಲ್ಲಿ ರಾಣಿಕೇತ್ ಬಂದು ಗೂಡೆಲ್ಲ ಖಾಲಿಯಾಯಿತು. ‘ಒಂದು ಮಾತು ಕೇಳಿದ್ದರೆ ನಾನೇ ಸೈಕಲ್ಲಲ್ಲಿ ಹೋಗಿ ಹೇಳುತ್ತಿದ್ದೆ’ ಅಂತ ತಾತ ಕೊನೆಯವರೆಗೂ ಹೇಳೋರು.

ನೀವೆಲ್ಲ ನಿಮ್ಮ ನಿಮ್ಮಲ್ಲಿ ಅನುಭವ ಹಂಚಿಕೊಳ್ಳೋದು ಒಳ್ಳೆಯದೇ. ಆದರೆ ನಮ್ಮ ತಾತನಂಥವರು ಆ ಮಾತುಕತೆಯ ಹೊರಗೇ ಉಳಿದುಬಿಡ್ತಾರೆ. ನೀವು ಎರಡು ವರ್ಷಕ್ಕೆ ಬದಲಾಗ್ತೀರಿ, ಅವರು ಅಲ್ಲೇ ಇರ್ತಾರೆ.

---

ಜಗಲಿ_ಬ್ಯಾಂಕು · ಸೆಪ್ಟೆಂಬರ್ 17

ಮೊಮ್ಮಗಳೇ, ನಿಮ್ಮ ತಾತನ ಮಾತು ಓದಿ ಸುಮ್ಮನೆ ಕೂತುಬಿಟ್ಟೆ. ನನಗೆ ಆ ಫೋನ್ ನಂಬರ್ ಸಿಕ್ಕಿದ್ದೂ ಖಜಾಂಚಿ ಅಮ್ಮನ ನೋಟ್‌ಬುಕ್ಕಲ್ಲಿ, ನಮ್ಮ ಕಚೇರಿ ಕಡತದಲ್ಲಲ್ಲ. ಇಷ್ಟು ದಿನ ಅದನ್ನ ಅದೃಷ್ಟ ಅಂದುಕೊಂಡಿದ್ದೆ.

ಮಾಸ್ತರೇ, ನನ್ನ ಕರಡಲ್ಲಿ ‘ಜಾಗ್ರತೆ’ ಅಂತ ಒಂದು ಪುಟ ಇತ್ತು, ಐದು ಹೆಸರು. ಇವತ್ತು ರಾತ್ರಿ ಹರಿದು ಹಾಕಿದೆ.

---

ಗಾರೆ_ಕೆಲಸ · ಸೆಪ್ಟೆಂಬರ್ 19

ನಂದು ಸ್ವಲ್ಪ ಭಿನ್ನಾಭಿಪ್ರಾಯ. ಎಷ್ಟು ಚೆನ್ನಾಗಿ ಬರೆದರೂ ಕೆಲವು ಕೆಲಸ ಕಾಗದದಲ್ಲಿ ದಾಟೋದಿಲ್ಲ.

ನಾನು ಬೀದರಿನವನು, ಸಿವಿಲ್ ಇಂಜಿನಿಯರ್. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪದ ಹೊತ್ತಿಗೆ ಶಾಲೆಯಲ್ಲಿದ್ದೆ, ನಮ್ಮ ಮನೆಯೂ ನಡುಗಿತ್ತು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಕಂಪನ ಆಯ್ತಲ್ಲ, ಅದಾದ ಮೇಲೆ ಗೋರ್ಖಾ ಜಿಲ್ಲೆಗೆ ಸ್ವಯಂಸೇವಕನಾಗಿ ಹೋದೆ. ಹೋದ ದಿನ ಬಿದ್ದ ಗೋಡೆ ನೋಡಿ ಮೈ ಜುಮ್ಮೆಂದಿತು. ಲಾತೂರಿನ ಚಿತ್ರಗಳಲ್ಲಿ ನೋಡಿದ ಗೋಡೆಯೇ. ಮಣ್ಣಿನ ಗಾರೆ, ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಚೂರು ಕಲ್ಲು ತುಂಬಿದ್ದು. ಎರಡೂ ಸಾಲನ್ನು ಹಿಡಿದಿಡೋ ಉದ್ದ ಕಲ್ಲು ಇಲ್ಲದಿದ್ದರೆ ನೆಲ ಅಲ್ಲಾಡಿದಾಗ ಗೋಡೆ ಹೊಟ್ಟೆ ಬಿಟ್ಟು ಎರಡು ಹೋಳಾಗುತ್ತೆ. ನಿಂತಿರೋ ಗೋಡೆಯಿಂದ ಒಂದು ಕಲ್ಲು ನಿಧಾನವಾಗಿ ಹೊರತೆಗೆದು, ಆರಪಾರ ತೂತು ಮಾಡಿ, ಕೊಕ್ಕೆ ಬಗ್ಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬೋ ಉಪಾಯ ಲಾತೂರಿನ ಕಡೆ ಮಾಡಿದ್ದರು. ಅದನ್ನೇ ಅಲ್ಲಿ ತೋರಿಸಿದೆವು.

ಆ ಕಲ್ಲು ಹೊರತೆಗೆಯೋದು ಇದೆ ನೋಡಿ, ಅದಕ್ಕೆ ಕೈಪಿಡಿಯಲ್ಲಿ ಅರ್ಧ ಪುಟ ಇದೆ. ಅರ್ಧ ಪುಟ ಓದಿ ಯಾರಿಗೂ ಬರಲಿಲ್ಲ. ಹಾರೆ ಎಷ್ಟು ಒತ್ತಬೇಕು, ಮೇಲಿನ ಕಲ್ಲು ಯಾವಾಗ ‘ಕಿರ್’ ಅನ್ನುತ್ತೆ, ಆಗ ಕೈ ಯಾಕೆ ನಿಲ್ಲಿಸಬೇಕು ಅನ್ನೋದು ಪಕ್ಕದಲ್ಲಿ ನಿಂತೇ ಕಲಿಯಬೇಕು. ಅದಕ್ಕೇ ನಾನು ಹಟ ಮಾಡಿ ಹಿಂದಿನವರೂ ಮುಂದಿನವರೂ ಎರಡು ವಾರ ಒಟ್ಟಿಗೆ ಇರೋ ಹಾಗೆ ಮಾಡಿಸಿದೆ. ಅದಕ್ಕಿಂತ ಮುಖ್ಯ, ಒಂದು ಹಳ್ಳಿಯ ಮೇಸ್ತ್ರಿಯನ್ನ ಇನ್ನೊಂದು ಹಳ್ಳಿಗೆ ಕರ್ಕೊಂಡು ಹೋಗೋಕೆ ಬಸ್ ಖರ್ಚಿನ ದುಡ್ಡು ತೆಗೆದಿಡಿಸಿದೆ. ನಾನು ಬಂದು ಎಷ್ಟೋ ವರ್ಷ ಆಯ್ತು, ಆ ಮೇಸ್ತ್ರಿಗಳು ಇವತ್ತಿಗೂ ಒಬ್ಬರಿಗೊಬ್ಬರು ಗೋಡೆ ಫೋಟೋ ಕಳಿಸಿ ಸಲಹೆ ಕೇಳ್ತಾರೆ.

ಜಗಲಿ ಅಕ್ಕ, ಸಾಧ್ಯ ಇದ್ದರೆ ಇನ್ನೊಂದು ವಾರ ಇದ್ದು ಬನ್ನಿ.

---

ಕಡಲತಡಿ · ಸೆಪ್ಟೆಂಬರ್ 19

ಒಂದು ಎಚ್ಚರಿಕೆ ಸೇರಿಸ್ತೇನೆ. ಅನುಭವ ಹಂಚುವ ಉತ್ಸಾಹದಲ್ಲಿ ಅಲ್ಲಿನವರ ಗುಟ್ಟು ಹಂಚಬಾರದು. ಯಾರಿಗೆ ಎಚ್‌ಐವಿ ಉಂಟು, ಯಾರ ಗಂಡ ಹೊಡೆಯುತ್ತಾನೆ, ಯಾರು ಸಾಲ ತೀರಿಸಿಲ್ಲ, ಇದೆಲ್ಲ ಸ್ವಯಂಸೇವಕರ ಗುಂಪುಗಳಲ್ಲಿ ಫೋಟೋ ಸಮೇತ ಓಡಾಡಿದ್ದು ನೋಡಿದ್ದೇನೆ. ಊರಲ್ಲಿ ನಮ್ಮ ನೆರೆಮನೆಯವರ ಬಗ್ಗೆ ಹಾಗೆ ಬರೆಯಲು ನಮಗೆ ಧೈರ್ಯ ಬರ್ತದಾ? ಮಕ್ಕಳ ಫೋಟೋ ಅಂತೂ ಬೇಡವೇ ಬೇಡ.

---

ಧಾರವಾಡ_ಮಾಸ್ತರ · ಸೆಪ್ಟೆಂಬರ್ 20

ಇವರೆಲ್ಲರ ಮಾತು ಕೂಡಿಸಿದ್ರ ಒಂದು ದಾರಿ ಕಾಣತೈತಿ. ಅಕ್ಕಾರ, ನೀವು ಬರದದ್ದನ್ನ ಕಚೇರಿಗೆ ಕೊಡೋಕಿಂತ ಮುಂಚೆ ಆ ಮಾವಿನ ಗಿಡದ ಬುಡಕ್ಕ ಕುಂತು, ಅವರ ಭಾಷಾದಾಗ, ಎಲ್ಲಾರ ಮುಂದ ಓದಿಸ್ರಿ. ಅವರ ಮುಂದ ಓದಲಿಕ್ಕೆ ಆಗದ ಸಾಲು ಯಾವುದಾದ್ರೂ ಇದ್ರ, ಅದು ಬರೀಬಾರದ ಸಾಲು ಅಂತ ತಿಳೀರಿ.

---

ಜಗಲಿ_ಬ್ಯಾಂಕು · ಅಕ್ಟೋಬರ್ 30

ಬಹಳ ದಿನ ಆಯ್ತು, ಕ್ಷಮಿಸಿ. ಹಂಚಿಕೆಯ ಕೆಲಸದಲ್ಲಿ ಮುಳುಗಿದ್ದೆ. ಮಾಸ್ತರ್ ಹೇಳಿದ ಹಾಗೇ ಮಾಡಿದೆ.

ಒಂಬತ್ತು ಪುಟ ಇತ್ತು. ನನ್ನ ಜೊತೆ ಕೆಲಸ ಮಾಡೋ ಇಲ್ಲಿನ ಹುಡುಗ ಚಿಚೇವಾ ಭಾಷೆಗೆ ತಿರುಗಿಸಿ ಸಭೆಯಲ್ಲಿ ಓದಿದ. ಗುಂಪು ಒಡೆದ ಕಥೆ ಬಂದಾಗ ನನ್ನ ಎದೆ ಹೊಡ್ಕೋತಿತ್ತು. ‘ನನ್ನ ಹಟದಿಂದ ಹಂಚಿಕೆ ನಿಂತಿತು, ಅದಕ್ಕೆ ಹನ್ನೊಂದು ಜನ ಬಿಟ್ಟರು’ ಅಂತ ಬರೆದಿದ್ದೆ. ಓದಿ ಮುಗಿಸಿದ ಕೂಡಲೇ ಹಿಂದಿನ ಸಾಲಿಂದ ಒಬ್ಬಜ್ಜಿ ಕೈ ಎತ್ತಿದರು. ‘ಆಯಿ’ ಅಂದರು. ಇಲ್ಲ ಅಂತ.

ಎಲ್ಲರೂ ಅದಕ್ಕಲ್ಲವಂತೆ ಬಿಟ್ಟಿದ್ದು. ನಾನು ನನ್ನ ಓಡಾಟಕ್ಕೆ ಅನುಕೂಲ ಅಂತ ಸಭೆಯನ್ನ ಮಂಗಳವಾರದಿಂದ ಗುರುವಾರಕ್ಕೆ ಹಾಕಿಸಿದ್ದೆ. ಗುರುವಾರ ಸಂತೆ. ದೊಡ್ಡ ರಸ್ತೆ ಬದಿಗೆ ಬಕೆಟ್ಟಲ್ಲಿ ಆಲೂಗಡ್ಡೆ ಇಟ್ಟು ಮಾರೋ ನಾಲ್ಕು ಹೆಂಗಸರಿಗೆ ಅದೇ ದುಡಿಮೆಯ ದಿನ. ಅವರು ಬಿಟ್ಟಿದ್ದು ಅದಕ್ಕೆ. ನನಗೆ ಆ ದಿನ ಬದಲಾಯಿಸಿದ್ದೇ ಮರೆತುಹೋಗಿತ್ತು. ನನ್ನ ಒಂಬತ್ತು ಪುಟದಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಯಾಕೆ ಆಗಲೇ ಹೇಳಲಿಲ್ಲ ಅಂತ ಕೇಳಿದೆ. ಖಜಾಂಚಿ ಅಮ್ಮ ‘ನೀವು ಕೇಳಿದ್ದು ದುಡ್ಡಿನ ವಿಷಯ, ದಿನದ ವಿಷಯ ಕೇಳಲಿಲ್ಲ’ ಅಂದರು.

ಅಲ್ಲೇ ಕೂತು ತಿದ್ದಿದ್ವಿ. ಎರಡು ಗಂಟೆ ಹಿಡೀತು. ಅವರು ತಾವಾಗಿ ಹೇಳಿ ಬರೆಸಿದ್ದು ಎರಡು ಸಾಲು. ಒಂದು, ಬಂದ ಮೊದಲ ಮಳೆಗಾಲ ಮುಗಿದು ಜೋಳ ಕೊಯ್ಯೋ ತನಕ ಯಾವ ನಿಯಮವನ್ನೂ ಬದಲಾಯಿಸೋಕೆ ಹೇಳಬೇಡಿ. ಎರಡು, ಸಭೆಗೆ ಬಂದಾಗ ಕುರ್ಚಿ ಬೇಡ ಅನ್ನಬೇಡಿ, ನಾವು ಅದನ್ನ ಪಕ್ಕದ ಮನೆಯಿಂದ ಕೇಳಿ ತಂದಿರ್ತೀವಿ.

ಒಂದು ಪ್ರತಿ ಕಚೇರಿಗೆ. ಇನ್ನೊಂದು ಪ್ರತಿ ಪೆಟ್ಟಿಗೆಯೊಳಗೆ, ಪಾಸ್‌ಬುಕ್ಕುಗಳ ಕೆಳಗೆ, ಮೂರು ಬೀಗದ ಹಿಂದೆ. ಹೊಸಬರು ಬಂದಾಗ ಮೊದಲ ಸಭೆಯಲ್ಲಿ ಅದನ್ನ ತೆಗೆದು ಓದ್ತಾರಂತೆ. ಆಲೂಗಡ್ಡೆ ಮಾರೋ ನಾಲ್ವರಲ್ಲಿ ಮೂವರು ಮುಂದಿನ ಸುತ್ತಿಗೆ ವಾಪಸ್ ಬರ್ತೀವಿ ಅಂದಿದ್ದಾರೆ, ಸಭೆ ಮತ್ತೆ ಮಂಗಳವಾರ.

ಗಾರೆಯವರೇ, ಇನ್ನೊಂದು ವಾರ ಕೇಳಿದೆ, ಹತ್ತು ದಿನ ಕೊಟ್ಟರು. ಮುಂದಿನವರು ನವೆಂಬರ್ 6ಕ್ಕೆ ಬರ್ತಾರೆ.

---

ಹೊಸಬಿ_ದಾವಣಗೆರೆ · ಅಕ್ಟೋಬರ್ 31

ಅಕ್ಕ, ಎರಡು ಸಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಚಿಪಾಟಾದಲ್ಲಿ ಮಾತಾಡೋ ನ್ಯಾಂಜಾ ಮತ್ತೆ ನಿಮ್ಮ ಚಿಚೇವಾ ಒಂದೇ ಭಾಷೆ ಅಂತಾರೆ, ನಿಜಾನಾ? ಹಾಗಿದ್ರೆ ಹೋಗೋ ಮುಂಚೆ ಸ್ವಲ್ಪ ಕಲಿಯಬಹುದು.

---

ಜಗಲಿ_ಬ್ಯಾಂಕು · ಅಕ್ಟೋಬರ್ 31

ನಿಜ ಕಣಮ್ಮ, ಹೆಸರು ಎರಡು, ಮಾತು ಹೆಚ್ಚುಕಮ್ಮಿ ಒಂದೇ. ಇಲ್ಲಿನ ರಾಜಧಾನಿ ಲಿಲೊಂಗ್ವೆಯಿಂದ ಮ್ಚಿಂಜಿ ಗಡಿ ದಾಟಿದ್ರೆ ಚಿಪಾಟಾ ಹತ್ತಿರವೇ. ‘ಮುಲಿ ಬ್ವಾಂಜಿ’ ಅಂದ್ರೆ ಹೇಗಿದ್ದೀರಿ, ‘ಜಿಕೋಮೊ’ ಅಂದ್ರೆ ಧನ್ಯವಾದ. ನನ್ನ ಜೊತೆಗಾರ ಹುಡುಗನ ಚಿಕ್ಕಮ್ಮ ಆ ಕಡೆಯೇ ಒಂದು ಗುಂಪಿನಲ್ಲಿದ್ದಾರೆ. ಅವರನ್ನ ಕೇಳಿದೆ, ನಿನ್ನ ಜೊತೆ ಮಾತಾಡೋಕೆ ಒಪ್ಪಿದ್ದಾರೆ. ಶನಿವಾರ ನಮ್ಮ ಸಂಜೆ ನಾಲ್ಕಕ್ಕೆ, ನಿಮ್ಮಲ್ಲಿ ಏಳೂವರೆ ಆಗುತ್ತೆ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೋ.